ಮೊದಲು ಶೀರ್ಷಿಕೆ, ಆಮೇಲೆ ಹಾಡು: ನ್ಯಾಶ್‌ವಿಲ್‌ನಲ್ಲಿ ಕಂಟ್ರಿ ಗೀತೆ ಬರೆಯುತ್ತಿರುವ ನನ್ನ ಅನುಭವ

ಕಂಟ್ರಿ ಸಂಗೀತದ ತವರಾದ, ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಹಾಡು ಬರೆಯುವುದು ಹಗಲು ಹೊತ್ತಿನ ಕೆಲಸ. ಮ್ಯೂಸಿಕ್ ರೋ ಎಂದು ಹೆಸರಾದ 16 ಮತ್ತು 17ನೆಯ ಅವೆನ್ಯೂಗಳಲ್ಲಿ, ಒಂದು ಕಾಲಕ್ಕೆ ವಾಸದ ಮನೆಗಳಾಗಿದ್ದ ಅನೇಕ ಕಟ್ಟಡಗಳಲ್ಲಿ ಈಗ ಹಾಡುಗಳ ಹಕ್ಕು ಪಡೆದು ಅವನ್ನು ಗಾಯಕರಿಗೆ ತಲುಪಿಸುವ ಸಂಗೀತ ಪ್ರಕಾಶನ ಸಂಸ್ಥೆಗಳ ಕಚೇರಿಗಳಿವೆ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಅಲ್ಲಿನ ಚಿಕ್ಕ ಕೋಣೆಗಳಲ್ಲಿ ಇಬ್ಬರು ಮೂವರು ಗಿಟಾರ್ ಹಿಡಿದು ಕೂತರೆಂದರೆ, ಮಕ್ಕಳನ್ನು ಶಾಲೆಯಿಂದ ಕರೆತರುವ ಸಮಯದೊಳಗೆ ಒಂದು ಹಾಡು ಮುಗಿಯಬೇಕೆಂಬುದು ಎಲ್ಲರ ಲೆಕ್ಕಾಚಾರ. ಈ ಪದ್ಧತಿಯನ್ನು ಕಾರ್ಖಾನೆ ಎಂದು ಹೀಯಾಳಿಸುವವರು ಆ ಊರಿನಲ್ಲೇ ಇದ್ದಾರೆ. ನನ್ನ ಅನುಭವ ಬೇರೆ. ನಾನು ಬರೆದುದರಲ್ಲಿ ಇನ್ನೊಬ್ಬರು ಹಾಡಲು ಒಪ್ಪಿದ ಗೀತೆಗಳೆಲ್ಲ ಇಂಥ ಕೋಣೆಗಳಲ್ಲೇ ಹುಟ್ಟಿವೆ. ನನ್ನ ಹಾಡುಗಾರಿಕೆ ವೃತ್ತಿಯ ರೂಪ ಪಡೆದದ್ದೂ ವೇದಿಕೆ ಏರಿದ್ದಕ್ಕಿಂತ ಹೆಚ್ಚಾಗಿ, ಒಮ್ಮೆ ಹೋದ ಕೋಣೆಗೆ ಮತ್ತೊಮ್ಮೆ ಕರೆ ಬಂದದ್ದರಿಂದ.

ನಾನು ಯಲ್ಲಾಪುರದ ಕಡೆಯವಳು. ಹಿಂದೂಸ್ತಾನಿ ಗಾಯನವನ್ನು ಕೆಲವು ವರ್ಷ ಕಲಿತು, ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ತಯಾರಿಸುವ ಕೆಲಸಕ್ಕೆಂದು ಟೆನೆಸಿಗೆ ಬಂದೆ. ಕಂಟ್ರಿ ಸಂಗೀತವೆಂದರೆ ಟೋಪಿ, ಬೂಟು, ಪಿಕಪ್ ಟ್ರಕ್ಕು ಎಂಬಷ್ಟೇ ತಿಳಿವಳಿಕೆಯೊಂದಿಗೆ ಬಂದವಳನ್ನು ಮೊದಲು ಹಿಡಿದು ನಿಲ್ಲಿಸಿದ್ದು ಪೆಡಲ್ ಸ್ಟೀಲ್ ಗಿಟಾರ್. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಾರುವ ರೀತಿಯಲ್ಲಿ ನನ್ನ ಕಿವಿಗೆ ಪರಿಚಿತವಾದ ಮೀಂಡ್ ಇತ್ತು. ಆಮೇಲೆ ಓದುತ್ತ ಹೋದಂತೆ ಈ ಸಂಗೀತ ಒಂದೇ ಜನಾಂಗದ ಸ್ವತ್ತಲ್ಲವೆಂಬುದೂ ತಿಳಿಯಿತು. ಬ್ಯಾಂಜೋದ ಮೂಲ ಆಫ್ರಿಕಾ. 1925ರಲ್ಲಿ ಡಬ್ಲ್ಯುಎಸ್‌ಎಂ ಬಾನುಲಿಯಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಗ್ರ್ಯಾಂಡ್ ಓಲ್ ಆಪ್ರಿ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರಾದ ಡಿಫೋರ್ಡ್ ಬೇಲಿ ಹಾರ್ಮೋನಿಕಾ ನುಡಿಸುತ್ತಿದ್ದ ಕಪ್ಪು ಕಲಾವಿದ. ನನ್ನಂಥ ಮುಖ ಅಲ್ಲಿ ಅಪರೂಪ ಎಂಬುದು ನಿಜವೇ ಆದರೂ, ಅದರ ಬಗ್ಗೆ ಕೇಳುವವರಿಗೆ ನಾನು ಬೇಲಿಯವರ ಹೆಸರು ಹೇಳಿ ಮುಂದಿನ ಮಾತಿಗೆ ಹೋಗುತ್ತೇನೆ.

ನಮ್ಮ ಚಿತ್ರಗೀತೆಗಳಲ್ಲಿ ಹೆಚ್ಚಾಗಿ ರಾಗಸಂಯೋಜನೆ ಮೊದಲು ಬಂದು ಸಾಹಿತ್ಯ ಅದಕ್ಕೆ ಹೊಂದಿಕೊಳ್ಳುತ್ತದೆ. ಭಾವಗೀತೆಯಲ್ಲಿ ಕವಿತೆ ಮೊದಲು, ಸ್ವರ ಆಮೇಲೆ. ಕಂಟ್ರಿ ಗೀತೆ ಬರೆಯುವವರು ಬಹುಮಟ್ಟಿಗೆ ಶೀರ್ಷಿಕೆಯಿಂದ ಹೊರಡುತ್ತಾರೆ. ಅದನ್ನು ಅಲ್ಲಿ ಹುಕ್ ಎನ್ನುತ್ತಾರೆ: ಪಲ್ಲವಿಯ ಕೊನೆಯಲ್ಲಿ ಬಂದು ನಿಲ್ಲುವ, ಇಡೀ ಹಾಡನ್ನು ಹೊತ್ತುಕೊಳ್ಳುವ ಒಂದು ಸಾಲು. ನನ್ನ ಫೋನಿನಲ್ಲಿ ಇಂಥ ಸಾಲುಗಳ ಪಟ್ಟಿಯೊಂದು ಸದಾ ಬೆಳೆಯುತ್ತಿರುತ್ತದೆ. ಅಂಗಡಿಯಲ್ಲಿ, ಆಫೀಸಿನ ಲಿಫ್ಟಿನಲ್ಲಿ, ಊರಿನ ಕರೆಗಳಲ್ಲಿ ಕಿವಿಗೆ ಬಿದ್ದ ಮಾತು ಅಲ್ಲಿ ಸೇರುತ್ತದೆ. ಕನ್ನಡದಲ್ಲಿ ಕೇಳಿದ್ದನ್ನು ಕನ್ನಡದಲ್ಲೇ ಬರೆದಿಡುತ್ತೇನೆ, ಏಕೆಂದರೆ ಆ ಕ್ಷಣದಲ್ಲಿ ಅದನ್ನು ಇಂಗ್ಲಿಷಿಗೆ ತಂದರೆ ಅದರ ಬಿಸಿ ಆರುತ್ತದೆ.

ನನಗೆ ಹೆಚ್ಚು ದಾರಿ ತೆರೆದ ಹಾಡಿನ ಉದಾಹರಣೆಯನ್ನೇ ಕೊಡುತ್ತೇನೆ. ಅಪ್ಪ ಹುಬ್ಬಳ್ಳಿ–ಅಂಕೋಲಾ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದರು. ಕರಾವಳಿಯಲ್ಲಿ ಸರಕು ಇಳಿಸಿ ರಾತ್ರಿ ಅರಬೈಲ್ ಘಟ್ಟ ಹತ್ತಿ ಬರುವಾಗ, ಕೊನೆಯ ಏರಿನಲ್ಲಿ ಅವರು ಗೇರು ಇಳಿಸುವ ಸದ್ದು ಆಯಿಗೆ, ಅಂದರೆ ಅಮ್ಮನಿಗೆ, ಗುರುತಿತ್ತು. ಬೇರೆ ಯಾವ ಲಾರಿಯ ಸದ್ದಿಗೂ ಏಳದವಳು ಆ ಸದ್ದಿಗೆ ಎದ್ದು ಒಲೆ ಹಚ್ಚುತ್ತಿದ್ದಳು. ‘ಗೇರಿನ ಸದ್ದು, ಆಯಿ ಎದ್ದಳು’ ಎಂದಷ್ಟೇ ನಾನು ಬರೆದುಕೊಂಡಿದ್ದೆ. ಒಂದು ಬೆಳಿಗ್ಗೆ ಅದನ್ನು ಚಟ್ಟನೂಗಾ ಕಡೆಯವರಾದ ಸಹಲೇಖಕರೊಬ್ಬರ ಮುಂದೆ ಇಟ್ಟಾಗ ಅವರು ತಕ್ಷಣ ಕೇಳಿದ ಪ್ರಶ್ನೆ, ‘ಕೇಳುತ್ತಿರುವವರು ಯಾರು?’ ಎಂಬುದು. ಅಲ್ಲಿಂದ ಹಾಡಿನ ಅಸ್ಥಿಪಂಜರ ಸಿಕ್ಕಿತು. ಮೊದಲ ಚರಣದಲ್ಲಿ ಹೊದಿಕೆಯೊಳಗಿನ ಮಗು ಆ ಸದ್ದನ್ನು ಕೇಳುತ್ತದೆ. ಎರಡನೆಯದರಲ್ಲಿ ಹದಿಹರೆಯದ ಹುಡುಗಿ ತಡವಾಗಿ ಮನೆ ಸೇರಿ, ಅದೇ ಸದ್ದು ಬರುವ ಮೊದಲು ದೀಪ ಆರಿಸಬೇಕೆಂದು ಅವಸರಪಡುತ್ತಾಳೆ. ಮೂರನೆಯದರಲ್ಲಿ ಅವಳೇ ದೂರದ ಊರಿನಿಂದ ಕಾರು ಓಡಿಸಿಕೊಂಡು ಬರುತ್ತಾಳೆ. ಕಿವಿಗೊಟ್ಟು ಕಾಯುವವನು ನಿವೃತ್ತನಾದ ಅಪ್ಪ. ಪಲ್ಲವಿಯ ಪದಗಳು ಮೂರು ಬಾರಿಯೂ ಒಂದೇ, ಆದರೆ ಪ್ರತಿ ಚರಣವೂ ಅವುಗಳ ಅರ್ಥವನ್ನು ಬೇರೆ ಕಡೆ ತಿರುಗಿಸುತ್ತದೆ. ಈ ತಂತ್ರ ಕಂಟ್ರಿ ಗೀತೆಯ ಬೆನ್ನೆಲುಬು ಎಂದೇ ನಾನು ಭಾವಿಸಿದ್ದೇನೆ. ಎರಡನೆಯ ಚರಣ ಮೊದಲನೆಯದನ್ನೇ ಬೇರೆ ಮಾತುಗಳಲ್ಲಿ ಹೇಳಿದರೆ ಕೇಳುಗ ಅಲ್ಲೇ ಕೈಬಿಟ್ಟು ಹೋಗುತ್ತಾನೆ.

ಘಟ್ಟದ ಹೆಸರಿನ ಬಗ್ಗೆ ನಾವು ಹೆಚ್ಚು ಹೊತ್ತು ಚರ್ಚಿಸಿದೆವು. ಅರಬೈಲ್ ಎಂದೇ ಉಳಿಸಬೇಕೆಂಬುದು ಸಹಲೇಖಕರ ಇಷ್ಟವಾಗಿತ್ತು, ಬೇಡವೆಂದವಳು ನಾನು. ಹಾಡಿನ ಕೇಳುಗ ಆ ಹೆಸರಿನ ಬಳಿ ನಿಂತು ಅದು ಎಲ್ಲಿದೆ ಎಂದು ಯೋಚಿಸಿದರೆ, ಅಷ್ಟರಲ್ಲಿ ಎರಡು ಸಾಲು ದಾಟಿ ಹೋಗಿರುತ್ತವೆ. ನ್ಯಾಶ್‌ವಿಲ್ ಮತ್ತು ಚಟ್ಟನೂಗಾ ನಡುವೆ ಇಂಟರ್‌ಸ್ಟೇಟ್ 24 ಹೆದ್ದಾರಿ ಮಾಂಟೀಗಲ್ ಬೆಟ್ಟವನ್ನು ಹತ್ತಿ ಇಳಿಯುತ್ತದೆ. ಬ್ರೇಕು ಕೈಕೊಟ್ಟ ಟ್ರಕ್ಕುಗಳು ನುಗ್ಗಿ ನಿಲ್ಲಲೆಂದು ಅಲ್ಲಿನ ಇಳಿಜಾರಿನ ಪಕ್ಕದಲ್ಲಿ ಜಲ್ಲಿಯ ಹಾದಿಗಳನ್ನು ಮಾಡಿದ್ದಾರೆ, ಮತ್ತು ಟೆನೆಸಿಯ ಟ್ರಕ್ಕು ಚಾಲಕರ ಮನೆಗಳಲ್ಲಿ ಆ ಬೆಟ್ಟದ ಹೆಸರು ಎಲ್ಲರಿಗೂ ಗೊತ್ತು. ಹೀಗೆ ಹಾಡು ಮಾಂಟೀಗಲ್‌ಗೆ ಹೋಯಿತು. ಒಲೆ, ಹಿತ್ತಾಳೆಯ ಚೊಂಬು, ಬಾಗಿಲ ಬಳಿ ಬಿಚ್ಚಿಟ್ಟ ಚಪ್ಪಲಿ ಮಾತ್ರ ಹಾಗೆಯೇ ಉಳಿದವು, ಚೊಂಬು ಕಾಫಿ ಪಾತ್ರೆಯಾಯಿತೆಂಬುದನ್ನು ಬಿಟ್ಟರೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳಿಲ್ಲದ ಚರಣವನ್ನು ಅಲ್ಲಿಯ ಅನುಭವಿಗಳು ಒಪ್ಪುವುದಿಲ್ಲ. ‘ಅವಳಿಗೆ ಅಪ್ಪನ ಮೇಲೆ ಪ್ರೀತಿ’ ಎಂಬ ಅರ್ಥದ ಒಂದು ಸಾಲೂ ಆ ಹಾಡಿನಲ್ಲಿ ಇಲ್ಲ.

ಕನ್ನಡದ ಕಿವಿ ಇಟ್ಟುಕೊಂಡು ಇಂಗ್ಲಿಷ್ ಹಾಡು ಬರೆಯುವವರಿಗೆ ಎದುರಾಗುವ ನಿಜವಾದ ಕಷ್ಟ ಶಬ್ದಸಂಪತ್ತಿನದಲ್ಲ, ಛಂದಸ್ಸಿನದು. ನಮ್ಮ ಲಯ ಮಾತ್ರೆಯ ಮೇಲೆ ನಿಂತಿದೆ. ಗುರು ಎರಡು, ಲಘು ಒಂದು ಎಂದು ಲೆಕ್ಕ ಹಾಕುವುದು ರಕ್ತದಲ್ಲೇ ಇದೆ. ಇಂಗ್ಲಿಷಿನ ಲಯ ಒತ್ತಿನ ಮೇಲೆ ನಿಂತಿದೆ. ಹೋಟೆಲ್, ಗಿಟಾರ್ ಎಂಬ ಪದಗಳಲ್ಲಿ ಅವರ ಒತ್ತು ಎರಡನೆಯ ಅಕ್ಷರಕ್ಕೆ ಬೀಳುತ್ತದೆ. ಅದು ತಾಳದ ಗಟ್ಟಿ ಪೆಟ್ಟಿಗೆ ಸರಿಯಾಗಿ ಬಂದು ಕೂಡದಿದ್ದರೆ, ರಾಗ ಎಷ್ಟೇ ಇಂಪಾಗಿದ್ದರೂ ಸಾಲು ಪರಕೀಯವಾಗಿ ಕೇಳಿಸುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು. ಸಾಲನ್ನು ಹಾಡುವ ಮೊದಲು ಸಹಲೇಖಕರಿಂದ ಮಾತಿನ ಧಾಟಿಯಲ್ಲಿ ಓದಿಸಿ ಫೋನಿನಲ್ಲಿ ದಾಖಲಿಸಿಕೊಳ್ಳುತ್ತೇನೆ. ಆ ಮಾತಿನ ಏರಿಳಿತಕ್ಕೆ ಕಾಲಿನಲ್ಲಿ ನಾಲ್ಕರ ಎಣಿಕೆ ಹಾಕುತ್ತ, ಒತ್ತು ಬಿದ್ದಲ್ಲೆಲ್ಲ ಸ್ವರವನ್ನು ಮೇಲಕ್ಕೆ ಎತ್ತುತ್ತ ಹೋಗುತ್ತೇನೆ. ರಾಗ ಮಾತಿನಿಂದಲೇ ಹೊರಬರುತ್ತದೆ. ಪ್ರಾಸದ ವಿಷಯದಲ್ಲಿ ಮಾತ್ರ ನನ್ನ ಹಳೆಯ ಅಭ್ಯಾಸ ಲಾಭವನ್ನೇ ತಂದಿದೆ. ಸಾಲಿನ ಎರಡನೆಯ ಅಕ್ಷರದ ಪ್ರಾಸವನ್ನು ಗಮನಿಸುವ ಕಿವಿ ಇರುವುದರಿಂದ, ಎಲ್ಲರೂ ಸಾಲಿನ ತುದಿಯಲ್ಲಿ ಪ್ರಾಸ ಹುಡುಕುವಾಗ ನಾನು ಸಾಲಿನ ಆರಂಭದಲ್ಲೂ ನಡುವಿನಲ್ಲೂ ಧ್ವನಿಗಳನ್ನು ಜೋಡಿಸುತ್ತೇನೆ. ಕೋಣೆಗಳಿಗೆ ನನ್ನನ್ನು ಮತ್ತೆ ಕರೆಯುವವರು ಹೇಳುವ ಕಾರಣಗಳಲ್ಲಿ ಇದೂ ಒಂದು.

ಗಿಟಾರ್ ಕಲಿತ ಕಥೆಯಲ್ಲಿ ವಿಶೇಷವೇನೂ ಇಲ್ಲ. ಜಿ, ಸಿ, ಡಿ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಬಂದರೆ ಅರ್ಧ ಕಂಟ್ರಿ ಬಂದಂತೆ. ಆದರೆ ನ್ಯಾಶ್‌ವಿಲ್ ನಂಬರ್ ಸಿಸ್ಟಮ್ ಬಗ್ಗೆ ಹೇಳದಿರಲಾರೆ. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಗಾಯಕವೃಂದದ ನೀಲ್ ಮ್ಯಾಥ್ಯೂಸ್ ಆರಂಭಿಸಿ, ಚಾರ್ಲಿ ಮೆಕಾಯ್ ಮುಂತಾದ ಸ್ಟುಡಿಯೋ ವಾದಕರು ಬೆಳೆಸಿದ ಈ ಪದ್ಧತಿಯಲ್ಲಿ ಕಾರ್ಡುಗಳನ್ನು ಅಕ್ಷರಗಳ ಬದಲು ಅಂಕಿಗಳಲ್ಲಿ ಬರೆಯುತ್ತಾರೆ. ಹಾಡಿನ ಮೂಲಸ್ವರ 1. ಅದರಿಂದ ಎಣಿಸಿದಂತೆ 4, 5, 6 ಎಂದು ಮುಂದುವರಿಯುತ್ತದೆ. ಗಾಯಕಿಯ ಕಂಠಕ್ಕೆ ತಕ್ಕಂತೆ ಶ್ರುತಿಯನ್ನು ಏರಿಸಿದರೂ ಇಳಿಸಿದರೂ ಕಾಗದದ ಮೇಲಿನ ಬರಹ ಬದಲಾಗುವುದಿಲ್ಲ. ಷಡ್ಜ ಎಲ್ಲಿದ್ದರೂ ಅದು ಷಡ್ಜವೇ ಎಂದು ಬಾಲ್ಯದಿಂದ ಕಲಿತವಳಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಬಹಳ ಇರಲಿಲ್ಲ: 1, 4, 5 ನನಗೆ ಸ, ಮ, ಪ. ಗಾಯಕರಿಗೆ ಕೇಳಿಸಲೆಂದು ಮಾಡುವ ಡೆಮೊ ಧ್ವನಿಮುದ್ರಣದಲ್ಲಿ ಅನುಭವಿ ವಾದಕರು ಹಾಡನ್ನು ಒಮ್ಮೆ ಕೇಳಿ, ಒಂದು ಹಾಳೆಯಲ್ಲಿ ಅಂಕಿ ಗೀಚಿಕೊಂಡು, ಎರಡನೆಯ ಬಾರಿಗೆ ನುಡಿಸಿ ಮುಗಿಸುವ ವೇಗದಲ್ಲಿ ನಾನೂ ಪಾಲ್ಗೊಳ್ಳಲು ಸಾಧ್ಯವಾದದ್ದು ಸರಿಗಮದ ಉಪಕಾರ.

ಕೇಳುಗರ ಮುಂದೆ ಹಾಡಲು ಆ ಊರಿನಲ್ಲಿ ಎರಡು ದಾರಿಗಳಿವೆ. ಬ್ರಾಡ್‌ವೇ ಬೀದಿಯ ಹಾಂಕಿ-ಟಾಂಕ್ ಬಾರುಗಳಲ್ಲಿ ವಾದ್ಯತಂಡಗಳು ಸಾಮಾನ್ಯವಾಗಿ ನಾಲ್ಕು ಗಂಟೆಗಳ ಪಾಳಿಯಲ್ಲಿ ಪ್ರಸಿದ್ಧ ಹಾಡುಗಳನ್ನು ಹಾಡಿ, ಬಹುಮಟ್ಟಿಗೆ ಗ್ರಾಹಕರು ಕೊಡುವ ಟಿಪ್ಸ್‌ನಿಂದ ಸಂಪಾದಿಸುತ್ತವೆ. ಅದು ಕಂಠವನ್ನು ಗಟ್ಟಿ ಮಾಡುತ್ತದೆ ನಿಜ, ಆದರೆ ಅಲ್ಲಿ ಹೊಸ ಹಾಡು ಯಾರಿಗೂ ಬೇಕಿಲ್ಲ. ನಾನು ಇನ್ನೊಂದು ದಾರಿ ಹಿಡಿದೆ. 1982ರಲ್ಲಿ ಆರಂಭವಾದ ಬ್ಲೂಬರ್ಡ್ ಕೆಫೆ, ಅಂಗಡಿ ಸಾಲಿನ ನಡುವೆ ಇರುವ, ಸುಮಾರು 90 ಆಸನಗಳ ಚಿಕ್ಕ ಜಾಗ. ಸೋಮವಾರದ ಓಪನ್ ಮೈಕ್‌ನಲ್ಲಿ ಯಾರು ಬೇಕಾದರೂ ಹೆಸರು ಕೊಡಬಹುದು; ಭಾನುವಾರದ ರೈಟರ್ಸ್ ನೈಟ್‌ಗೆ ಆಡಿಷನ್ ದಾಟಬೇಕು. ಅದರ ಹೆಸರುವಾಸಿಯಾದ ಕಾರ್ಯಕ್ರಮವೆಂದರೆ ‘ರೌಂಡ್’: ನಾಲ್ವರು ಲೇಖಕರು ಕೋಣೆಯ ನಡುವೆ ಪರಸ್ಪರ ಮುಖಮಾಡಿ ಕೂತು, ಸರದಿಯಂತೆ ತಾವು ಬರೆದದ್ದನ್ನು ಹಾಡುತ್ತಾರೆ. ಪ್ರೇಕ್ಷಕರು ಮಾತಾಡಿದರೆ ಸುಮ್ಮನಿರಿಸುವ ಕಟ್ಟುಪಾಡೂ ಇದೆ. ಎಚ್-1ಬಿ ವೀಸಾದಲ್ಲಿದ್ದಷ್ಟು ಕಾಲ ನೌಕರಿ ಕೊಟ್ಟವರ ಹೊರತು ಬೇರೆಯವರ ಬಳಿ ದುಡಿಯುವಂತಿಲ್ಲವಾದ್ದರಿಂದ, ನಾನು ಸಂಭಾವನೆಯಿಲ್ಲದ ಓಪನ್ ಮೈಕ್‌ಗಳಲ್ಲಷ್ಟೇ ಹಾಡಿದೆ, ಗ್ರೀನ್ ಕಾರ್ಡ್ ಬಂದ ನಂತರವೇ ಹಣದ ವ್ಯವಹಾರಕ್ಕೆ ಕೈಹಾಕಿದೆ. ಆ ಬಿಡುವಿನ ಕಾಲ ವ್ಯರ್ಥವಾಗಲಿಲ್ಲ. ಒಂದು ರಾತ್ರಿ ನನ್ನ ಹಾಡು ಕೇಳಿದವರು ಮುಂದಿನ ವಾರ ಬರೆಯಲು ಕರೆದರು; ಅವರ ಕೋಣೆಯಲ್ಲಿದ್ದ ಮೂರನೆಯವರು ಇನ್ನೊಂದು ಕಡೆಗೆ ಕರೆದೊಯ್ದರು. 1967ರಲ್ಲಿ ಸ್ಥಾಪನೆಯಾದ ಗೀತರಚನಕಾರರ ಸಂಘ ಎನ್‌ಎಸ್‌ಎಐ ತನ್ನ ಸದಸ್ಯರ ಹಾಡುಗಳನ್ನು ಅನುಭವಿಗಳಿಂದ ಪರಿಶೀಲಿಸಿ ಅಭಿಪ್ರಾಯ ಕೊಡಿಸುತ್ತದೆ. ಹೊಸಬರಿಗೆ ನಾನು ಮೊದಲು ಸೂಚಿಸುವುದು ಅದನ್ನೇ.

ಕೋಣೆಯ ಶಿಷ್ಟಾಚಾರ ಬರಹದಲ್ಲಿಲ್ಲದಿದ್ದರೂ ಕಟ್ಟುನಿಟ್ಟಾದದ್ದು. ಬೇರೆಯವರ ಸಾಲು ಬೇಡವೆನ್ನುವವರು ತಮ್ಮದೊಂದನ್ನು ಮುಂದಿಡಬೇಕು. ಹಾಡು ಮುಗಿದಾಗ ಯಾರು ಎಷ್ಟು ಪದ ಕೊಟ್ಟರೆಂದು ಲೆಕ್ಕ ಹಾಕುವುದಿಲ್ಲ. ಮೂವರಿದ್ದರೆ ಮೂರು ಸಮಪಾಲು. ಯಾರೋ ಒಬ್ಬರು ಆ ದಿನ ಒಂದೇ ಸಾಲು ಹೇಳಿರಬಹುದು, ಆದರೆ ಆ ಸಾಲಿಲ್ಲದೆ ಹಾಡೇ ಇರುತ್ತಿರಲಿಲ್ಲ. ಈ ಪದ್ಧತಿಯನ್ನು ನಮ್ಮ ಕಡೆಯ ಸಂಗೀತ ನಿರ್ದೇಶಕರೂ ಗೀತರಚನಕಾರರೂ ಒಮ್ಮೆ ಪ್ರಯೋಗಿಸಿ ನೋಡಬಹುದೆಂದು ನನಗೆ ಅನೇಕ ಸಲ ಅನ್ನಿಸಿದೆ.

ಹಣದ ವಿಷಯವನ್ನು ಸ್ಪಷ್ಟವಾಗಿಯೇ ಹೇಳಬೇಕು. ಅಮೆರಿಕದಲ್ಲಿ ಎಎಂ, ಎಫ್‌ಎಂ ಬಾನುಲಿಗಳು ಹಾಡು ಪ್ರಸಾರ ಮಾಡಿದಾಗ ರಾಯಲ್ಟಿ ಸಿಗುವುದು ಅದನ್ನು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ, ಹಾಡಿದವರಿಗಲ್ಲ. ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್‌ನಂಥ ಸಂಸ್ಥೆಗಳು ಅದನ್ನು ವಸೂಲಿ ಮಾಡಿ ಹಂಚುತ್ತವೆ. ಸಿಡಿ ಅಥವಾ ಡೌನ್‌ಲೋಡ್ ಮಾರಾಟವಾದರೆ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಯೊಂದಕ್ಕೆ ಕಾನೂನು ಗೊತ್ತುಪಡಿಸಿದ ದರ 2006ರಿಂದ 2022ರವರೆಗೆ 9.1 ಸೆಂಟ್‌ನಲ್ಲೇ ನಿಂತಿತ್ತು. 2023ರಲ್ಲಿ 12 ಸೆಂಟ್ ಆಗಿ, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಏರುತ್ತಿದೆ. ಆ 12 ಸೆಂಟ್‌ನಲ್ಲಿ ಮೂವರು ಲೇಖಕರಿದ್ದರೆ ಒಬ್ಬೊಬ್ಬರ ಪಾಲು 4 ಸೆಂಟ್. ಅದರಲ್ಲಿ ಪ್ರಕಾಶಕರ ಅರ್ಧ ಹೋದರೆ ಕೈಗೆ ಬರುವುದು 2 ಸೆಂಟ್. ಸ್ಟ್ರೀಮಿಂಗ್‌ನಲ್ಲಿ ಒಂದು ಕೇಳಿಕೆಗೆ ಬರುವುದು ಇದಕ್ಕಿಂತಲೂ ಬಹಳ ಸಣ್ಣ ಭಾಗ. ಆದ್ದರಿಂದ ಬರೆಯುವವರೆಲ್ಲರ ಆಸೆಯೂ ತಮ್ಮ ಹಾಡು ಬಾನುಲಿಯಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಿಡುಗಡೆಗೊಂಡು, ಬರಬೇಕೆಂಬುದೇ.

ಆದರೆ ಅದಕ್ಕೆ ಮೊದಲು ‘ಹೋಲ್ಡ್’ ಎಂಬ ಹಂತವಿದೆ. ಗಾಯಕರ ಕಡೆಯವರು ಹಾಡನ್ನು ಇಷ್ಟಪಟ್ಟು, ತಾವು ತೀರ್ಮಾನಿಸುವ ತನಕ ಬೇರೆ ಯಾರಿಗೂ ಕೊಡಬೇಡಿ ಎನ್ನುತ್ತಾರೆ. ಇದಕ್ಕೆ ವಾಡಿಕೆಯಲ್ಲಿ ಹಣವಿಲ್ಲ. ಘಟ್ಟದ ಹಾಡು ಹೀಗೆ ಒಂದು ಚಳಿಗಾಲವೆಲ್ಲ ಹೋಲ್ಡ್‌ನಲ್ಲಿದ್ದು ಮರಳಿ ಬಂತು. ಬಳಿಕ ಸ್ವತಂತ್ರ ಗಾಯಕಿಯೊಬ್ಬರು ಅದನ್ನು ತಮ್ಮ ಆಲ್ಬಮ್‌ಗೆ ಹಾಡಿದರು. ನಾನೂ ನನ್ನ ಇಪಿಯಲ್ಲಿ, ಅಂದರೆ ಕೆಲವೇ ಹಾಡುಗಳ ಚಿಕ್ಕ ಸಂಕಲನದಲ್ಲಿ, ಹಾಡಿದ್ದೇನೆ. ಆ ಒಂದು ಹಾಡಿನ ಮಟ್ಟಿಗೆ ಪ್ರಕಾಶಕರೊಂದಿಗೆ ಮಾಡಿಕೊಂಡಿದ್ದ ಒಪ್ಪಂದದಲ್ಲಿ, ಗೊತ್ತಾದ ಅವಧಿಯೊಳಗೆ ಯಾರೂ ಧ್ವನಿಮುದ್ರಿಸದಿದ್ದರೆ ಹಕ್ಕು ನನಗೆ ಮರಳಬೇಕೆಂಬ ಷರತ್ತನ್ನು ಕೇಳಿ ಸೇರಿಸಿದ್ದೆ. ಆ ಅವಧಿ ಹೋಲ್ಡ್‌ನಲ್ಲೇ ಮುಗಿದು ಹಕ್ಕು ನನ್ನ ಕೈಗೆ ಬಂದದ್ದರಿಂದಲೇ ನಂತರದ ಎರಡೂ ಧ್ವನಿಮುದ್ರಣಗಳ ಪ್ರಕಾಶಕರ ಪಾಲೂ ನನ್ನಲ್ಲೇ ಉಳಿದಿದೆ. ಒಪ್ಪಂದಕ್ಕೆ ಸಹಿ ಹಾಕುವವರು ಈ ಒಂದು ಷರತ್ತನ್ನಾದರೂ ಸಂಗೀತ ವಕೀಲರಿಗೆ ತೋರಿಸಿಯೇ ಮುಂದುವರಿಯಬೇಕು.

ಈಗ ಸಾಫ್ಟ್‌ವೇರ್ ಕೆಲಸವನ್ನು ಅರೆಕಾಲಿಕ ಮಾಡಿಕೊಂಡು, ಉಳಿದ ಬೆಳಗುಗಳನ್ನು ಬರೆಯುವ ಕೋಣೆಗಳಿಗೆ ಕೊಟ್ಟಿದ್ದೇನೆ. ಪ್ರಕಾಶನ ಸಂಸ್ಥೆಯೊಂದು ಪೂರ್ಣಾವಧಿ ಲೇಖಕಿಯಾಗುವ ಒಪ್ಪಂದವನ್ನು ಮುಂದಿಟ್ಟಿದೆ. ಅದರಲ್ಲಿ ತಿಂಗಳಿಗಿಷ್ಟು ಎಂದು ಬರುವ ಹಣಕ್ಕೆ ‘ಡ್ರಾ’ ಎನ್ನುತ್ತಾರೆ. ಸಂಬಳದಂತೆ ಕಂಡರೂ ಅದು ಮುಂಗಡವೇ, ಮುಂದೆ ಬರುವ ರಾಯಲ್ಟಿಯಿಂದ ಮೊದಲು ಅದು ತೀರಬೇಕು. ಡ್ರಾ ಕಡಿಮೆಯಿರಲಿ, ಪ್ರಕಾಶಕರ ಅರ್ಧದಲ್ಲಿ ನನಗೂ ಪಾಲಿರಲಿ ಎಂದು ಕೇಳಿದ್ದೇನೆ. ಈ ಹಿಂದೆ ಬರೆದ ಹಾಡುಗಳು ಒಪ್ಪಂದದ ಹೊರಗಿರಬೇಕೆಂಬುದು ನನ್ನ ಇನ್ನೊಂದು ಬೇಡಿಕೆ, ಮಾತುಕತೆ ನಿಂತಿರುವುದು ಸದ್ಯ ಅದರ ಮೇಲೆಯೇ.