ಹೈಸ್ಕೂಲಿನ ಭಾಮಿನಿ ಷಟ್ಪದಿ ನಮ್ಮ ಮೊದಲ ಸಿಂಗಲ್ ಆದ ಕಥೆ

ಎಲ್ಲ ರಾಕ್ ಬ್ಯಾಂಡ್‌ಗಳ ಹಾಗೆ ನಾವೂ 4/4ರಲ್ಲಿ, ಅಂದರೆ ನಾಲ್ಕು ಬೀಟ್‌ನ ತಾಳದಲ್ಲಿ, ಒಂದು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಹಿಡಿದು, ಅದರ ಮೇಲೆ ಕನ್ನಡ ತುರುಕಲು ಆರು ತಿಂಗಳು ಒದ್ದಾಡಿದೆವು. ಸಾಲಿನ ಕೊನೆಗೆ ಒಂದೋ ಪದ ಜಾಸ್ತಿ ಆಗುತ್ತಿತ್ತು, ಇಲ್ಲವೇ 'ಓ', 'ಹೇ' ಅಂತ ತುಂಬಬೇಕಿತ್ತು. ಕೇಳಿದರೆ ಡಬ್ಬಿಂಗ್ ಸಿನಿಮಾ ಹಾಡು. 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂನಲ್ಲಿ ಶರೀಫರ ಗುಡುಗುಡಿ ಕೇಳಿ ಬೆಳೆದವರು ನಾವು. ಗಿಟಾರ್‌ಗೆ ಕನ್ನಡ ಒಗ್ಗಲ್ಲ ಅನ್ನುವ ಹಾಗೇ ಇರಲಿಲ್ಲ. ಎಡವಟ್ಟು ನಮ್ಮದೇ.

ಶಿವಮೊಗ್ಗದಿಂದ ಬೆಂಗಳೂರಿಗೆ ಬರುವಾಗ ನಿದ್ದೆ ಬರದೆ ಫೋನಿನಲ್ಲಿ ಎರಡು ಸಾಲು ಗೀಚಿದ್ದೆ:

ರಾತ್ರಿ ಬಸ್ಸಿನ ಕಿಟಕಿ ಗಾಜಲಿ
ಯಾರ ಮುಖವಿದು ಗುರುತು ಹತ್ತದು

ಮರುದಿನ ನಮ್ಮ ಬೇಸಿಸ್ಟ್ ಓದಿ ಬೆರಳು ಮಡಚತೊಡಗಿದ. ಮೂರು, ನಾಲ್ಕು, ಮೂರು, ನಾಲ್ಕು. "ಹೈಸ್ಕೂಲಲ್ಲಿ ಲಘು-ಗುರು ಎಣಿಸಿ ಪ್ರಸ್ತಾರ ಹಾಕಿದ್ದು ಮರೆತ್ಯಾ? ಇದು ಭಾಮಿನಿ ಕಣೋ!" ಕುಮಾರವ್ಯಾಸ ತನ್ನ ಭಾರತವನ್ನು ಹೇಳಿದ ಷಟ್ಪದಿ. ತಕಿಟ ತಕಧಿಮಿ ಅಂದರೆ ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ, ಮಿಶ್ರಛಾಪು. ನಮ್ಮ ಭಾಷೆಯಲ್ಲಿ 7/8: ಒಂದು ಬಾರ್‌ಗೆ (ತಾಳದ ಒಂದು ಸುತ್ತಿಗೆ) ಏಳು ಅರ್ಧ ಬೀಟ್. ಹಳೆ ರಿಫ್‌ನ ನಾಲ್ಕು ಬೀಟ್ ಅಂದರೆ ಎಂಟು ಅರ್ಧ ಬೀಟ್. ಅದರಿಂದ ಒಂದು ಎಣಿಕೆ ಕಿತ್ತೆವು, ಅಷ್ಟೇ. ಪದಗಳು ತಾವಾಗಿಯೇ ಹೋಗಿ ಕೂತವು.

ತೊಡಕು ಬಂದದ್ದು ಮೂರನೇ ಸಾಲಿಗೆ. ಭಾಮಿನಿಯಲ್ಲಿ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, ಅಂದರೆ ಸರಿಯಾಗಿ ಎರಡು ಬಾರ್. 3 ಮತ್ತು 6ನೇ ಸಾಲಿಗೆ ಮಾತ್ರ 23. ಮೂರು ಬಾರ್ ಮುಗಿದ ಮೇಲೂ ಒಂದು ಗುರು, ಅಂದರೆ ಎರಡು ಮಾತ್ರೆ, ಉಳಿಯುತ್ತದೆ. ಅದನ್ನು ನಾಲ್ಕನೇ ಬಾರ್‌ಗೆ ತಳ್ಳಿ, ಉಳಿದ ಐದು ಎಣಿಕೆಯನ್ನು ಡ್ರಮ್ಮರ್‌ಗೆ ಬಿಟ್ಟುಕೊಟ್ಟೆವು. ಇಡೀ ಹಾಡಿನಲ್ಲಿ ನನಗೆ ಇಷ್ಟವಾದ ಜಾಗ ಅದೇ. ರೆಕಾರ್ಡಿಂಗ್ ವೇಳೆ ಕಿವಿಗೆ ಕೊಡುವ ತಾಳದ ಕ್ಲಿಕ್ ಮೊದಲ ಎಣಿಕೆಗೆ ಮಾತ್ರ ಜೋರಾಗಿ ಬಡಿಯುತ್ತಿದ್ದಾಗ ಅವನು ತಪ್ಪುತ್ತಿದ್ದ. 1ಕ್ಕೂ 4ಕ್ಕೂ ಕೌಬೆಲ್ ಹಾಕಿಕೊಟ್ಟ ಮೇಲೆ ಎರಡೇ ಟೇಕ್.

ಪಿಂಕ್ ಫ್ಲಾಯ್ಡ್‌ನವರ 1973ರ 'ಮನಿ' ಕೂಡ ಏಳರ ಲೆಕ್ಕದ ಸಿಂಗಲ್. ಅವರು ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ಇಳಿಯುತ್ತಾರೆ. ನಾವೂ ಇಳಿದು ನೋಡಿದೆವು. ಬಸ್ಸು ಘಾಟಿ ದಾಟಿ ಬಯಲಿಗೆ ಬಿದ್ದ ಹಾಗಾಯಿತು. ಸೋಲೋನೇ ತೆಗೆದುಬಿಟ್ಟೆ. ಬಾರಿಸಬೇಕಿದ್ದವನು ನಾನೇ, ಆದ್ದರಿಂದ ಜಗಳ ಆಗಲಿಲ್ಲ.

ಮಿಕ್ಸ್‌ಗೆ ಕೊಟ್ಟ ಕಡೆ ಒಂದು ತಮಾಷೆ. ವಾರದ ನಂತರ ಫೈಲ್ ಬಂತು. ಹಾಡು ಎಲ್ಲೋ ಕುಂಟುತ್ತಿತ್ತು. ಕೇಳಿದರೆ, "ಪ್ರತಿ ಬಾರ್‌ನಲ್ಲೂ ಅರ್ಧ ಬೀಟ್ ಕಟ್ ಆಗಿತ್ತು ಸರ್, ಸರಿ ಮಾಡಿದ್ದೀನಿ" ಅಂದರು. ಪಾಪ, ಕೂತು ಒಂದೊಂದಾಗಿ ಏಳನ್ನು ಎಂಟು ಮಾಡಿದ್ದರು! ಮತ್ತೆ ಮೊದಲಿನಿಂದ. ಮಾಸ್ಟರ್ (ಬಿಡುಗಡೆಯ ಅಂತಿಮ ಫೈಲ್) ಕೂಡ ಜೋರು ಮಾಡಿ ಹಾಳು ಮಾಡಿಕೊಂಡಿದ್ದೆವು. ಸ್ಪಾಟಿಫೈ ಹೇಗೂ ಸುಮಾರು -14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರಿನ ಅಳತೆ) ಇಳಿಸುತ್ತದೆ, ಸುಮ್ನೆ ಕಿರುಚಿ ಏನು ಲಾಭ?

ಬಿಡುಗಡೆ ಆಯಿತು. ಮೊದಲ ವಾರ ಕೇಳಿದವರಲ್ಲಿ ಅರ್ಧಕ್ಕರ್ಧ ನೆಂಟರೇ. "ಚೆನ್ನಾಗಿದೆ, ಆದ್ರೆ ಡ್ರಮ್ಸ್ ಎಲ್ಲೋ ತಪ್ಪುತ್ತೆ ಅಲ್ವಾ?" ಅಂತ ಎಷ್ಟು ಜನ ಕೇಳಿದರೋ. ಮೊದಲ ಸಲ ವೇದಿಕೆ ಮೇಲೆ ನುಡಿಸಿದಾಗ ಜನ ಎಂದಿನ ಹಾಗೆ ಒಂದೇ ಸಮ ಚಪ್ಪಾಳೆ ತಟ್ಟಿದರು. ಮೊದಲ ಬಾರ್‌ನಲ್ಲಿ ಆ ಚಪ್ಪಾಳೆ 1, 3, 5, 7ಕ್ಕೆ ಬೀಳುತ್ತಿತ್ತು. ಎರಡನೆಯದರಲ್ಲಿ 2, 4, 6. ಅರ್ಧ ಜನ ಗಲಿಬಿಲಿಯಾಗಿ ಕೈ ನಿಲ್ಲಿಸಿದರು. ಬಿಡದೆ ತಟ್ಟಿದವರ ಚಪ್ಪಾಳೆ 14 ಎಣಿಕೆ ಕಳೆದು, ಹೊಸ ಸಾಲಿನ ಮೊದಲ ಅಕ್ಷರಕ್ಕೇ ನಮ್ಮ ಜೊತೆ ಬಂದು ಸೇರುತ್ತಿತ್ತು. ಗಿಟಾರ್ ನುಡಿಸುತ್ತಲೇ ನಗು ಬಂತು.

ಸರಿಯಾದ ವಿಮರ್ಶೆ ಬಂದದ್ದು ಬೇಸಿಸ್ಟ್‌ನ ಅಜ್ಜಿಯಿಂದ. ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲಿತವರು. ಡಿಸ್ಟಾರ್ಷನ್‌ಗೆ ಮುಖ ಕಿವುಚಿದರು, ಆದರೆ ಬೆರಳು ಮಂಡಿಯ ಮೇಲೆ ಮೂರು-ನಾಲ್ಕು ಸರಿಯಾಗಿ ತಟ್ಟುತ್ತಿತ್ತು. ಹಾಡು ಮುಗಿದ ಮೇಲೆ ಒಂದೇ ಮಾತು: "ಭಾಮಿನಿ ಸರಿ. ಪ್ರಾಸ ಎಲ್ಲಪ್ಪಾ?"

ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಆಗಬೇಕಿತ್ತು. ನಮ್ಮದು 'ರಾತ್ರಿ', 'ಯಾರ'. ಈಗ ಎರಡನೇ ಸಿಂಗಲ್‌ಗೆ ಕೂತಿದ್ದೇನೆ. ಎರಡನೇ ಅಕ್ಷರ 'ಳ' ಇರುವ ಆರು ಪದ ಬೇಕು. ನಾಲ್ಕು ಸಿಕ್ಕಿವೆ.