ಬಾಟಲಿ ಕೆಳಗಿಟ್ಟ ಹುಡುಗಿ

ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ನನ್ನದೊಂದು ಹೋಟೆಲು ಇದೆ. ದೋಸೆ, ಬಿರಿಯಾನಿ, ಮೂಲೆಯಲ್ಲೊಂದು ಪುಟ್ಟ ಬಾರು. ಇಲ್ಲಿ ಕುಡಿದು ಹೋದವನು ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ ಕುಡಿಸಿದವನ ಮೇಲೂ ದಾವೆ ಬೀಳಬಹುದು ಎಂದು ಮೊದಲೇ ಕೇಳಿದ್ದೆ. ವಿಮೆ ಕಟ್ಟಿದ್ದೇನಲ್ಲ, ಅದು ಅವರ ತಲೆನೋವು ಎಂದುಕೊಂಡು ಸುಮ್ಮನಿದ್ದೆ.

ಒಂದು ಶನಿವಾರ ಹುಟ್ಟುಹಬ್ಬದ ಗುಂಪು ಬಂದಿತ್ತು. ಅದರಲ್ಲೊಬ್ಬರು ತುಮಕೂರಿನ ಕಡೆಯವರು, ನಾಲ್ಕನೆಯ ವಿಸ್ಕಿ ಮುಗಿಸಿದ್ದರು. ಒಂದೇ ಕಥೆಯನ್ನು ಮೂರನೆಯ ಸಲ ಹೇಳುತ್ತಿದ್ದರು, ಎದ್ದಾಗ ಕುರ್ಚಿಯ ಬೆನ್ನು ಹಿಡಿದುಕೊಂಡರು. ಐದನೆಯದನ್ನು ಕೊಡುವುದಿಲ್ಲ ಎಂದು ಬಾರಿನ ಹುಡುಗಿ ಹೇಳಿದಳು. ಅವರು ನನ್ನ ಕಡೆ ತಿರುಗಿ, "ಏನಣ್ಣಾ, ನಿಮ್ಮ ಹೋಟೆಲಿನಲ್ಲಿ ನಮಗೇ ಇಲ್ಲವೇ?" ಎಂದರು. ನನಗೆ ಮುಖಭಂಗವಾದಂತಾಯಿತು. ಒಂದು ಹಾಕು, ನಮ್ಮೂರಿನವರು ಎಂದೆ. ಅವಳು ಬಾಟಲಿಯನ್ನು ನನ್ನ ಮುಂದೆ ಇಟ್ಟು, "ನೀವೇ ಹಾಕಿ ಸರ್" ಎಂದು ಗ್ಲಾಸು ಒರೆಸಲು ಹೋದಳು.

ಹಾಕಿದೆ. ಅದೂ ಊರಿನ ಧಾರಾಳತನದಲ್ಲಿ, 60 ಮಿಲಿಗೆ ಕಡಿಮೆ ಇರಲಿಕ್ಕಿಲ್ಲ. ಇಲ್ಲಿನ ಸಾಮಾನ್ಯ ಅಳತೆ ಒಂದೂವರೆ ಔನ್ಸ್, ಸುಮಾರು 44 ಮಿಲಿ.

ಪುಣ್ಯಕ್ಕೆ ಅವರ ಹೆಂಡತಿ ಕಾರು ಓಡಿಸಿದರು, ಏನೂ ಆಗಲಿಲ್ಲ. ಮುಂದಿನ ವಾರ ವಕೀಲರಿಗೆ ಇದನ್ನು ತಮಾಷೆಯಾಗಿ ಹೇಳಿದರೆ ಅವರು ನಗಲಿಲ್ಲ. ಮೊದಲು 1987ರ ಒಂದು ತೀರ್ಪಿನ ಕಥೆ ಹೇಳಿದರು. ಹ್ಯೂಸ್ಟನ್‌ನ ಒಂದು ಮೆಕ್ಸಿಕನ್ ಹೋಟೆಲಿನಲ್ಲಿ ಕುಡಿದು ಹೊರಟವನು ಕೆಂಪು ದೀಪ ದಾಟಿ 19 ವರ್ಷದ ಹುಡುಗನೊಬ್ಬನ ಕಾರಿಗೆ ಗುದ್ದಿದ, ಹುಡುಗ ಸತ್ತ. ಇಂಥ ಸಾವಿಗೆ ಹೋಟೆಲೂ ಉತ್ತರ ಕೊಡಬೇಕಾಗಬಹುದು ಎಂದಿತು ರಾಜ್ಯದ ಸುಪ್ರೀಂ ಕೋರ್ಟ್. ಅದೇ ವರ್ಷ ಶಾಸನಸಭೆ ಕಾನೂನನ್ನೂ ಮಾಡಿತು. ಗ್ಲಾಸು ಕೊಡುವ ಹೊತ್ತಿಗೆ ಗಿರಾಕಿಗೆ ಅಮಲೇರಿದೆ, ತನಗೂ ಇತರರಿಗೂ ಅಪಾಯ ತರುವಂತಿದ್ದಾನೆ ಎಂಬುದು ಕೊಡುವವನಿಗೆ ಕಾಣುತ್ತಿತ್ತೇ? ಪ್ರಶ್ನೆ ಇಷ್ಟೇ. ಎಷ್ಟು ಕುಡಿದ ಎಂಬ ಲೆಕ್ಕ ಆಮೇಲಿನದು. 1993ರ ಇನ್ನೊಂದು ತೀರ್ಪಿನ ಪ್ರಕಾರ ಕುಡಿದು ಗಾಯಗೊಂಡವನೇ ಬಂದು ಕುಡಿಸಿದವನ ಮೇಲೆ ದಾವೆ ಹೂಡಬಹುದು! 2007ರಿಂದ ಒಂದು ಸಮಾಧಾನ: ಕುಡಿದು ಗುದ್ದಿದವನ ಪಾಲೆಷ್ಟು, ಮಾರಿದವನ ಪಾಲೆಷ್ಟು ಎಂದು ಜ್ಯೂರಿ ಹಂಚುತ್ತದೆ.

"ನನ್ನ ಕೆಲಸಗಾರರೆಲ್ಲ ತರಬೇತಿ ಪಡೆದಿದ್ದಾರಲ್ಲ" ಎಂದೆ. ಇಲ್ಲಿ ಅದೊಂದು ರಕ್ಷಣೆ. ರಾಜ್ಯದ ಮದ್ಯ ಆಯೋಗ ಒಪ್ಪಿದ ತರಬೇತಿಯನ್ನು ಮಾಲೀಕ ಕಡ್ಡಾಯ ಮಾಡಿದ್ದು, ಕೆಲಸಗಾರ ಅದನ್ನು ಮುಗಿಸಿದ್ದರೆ ಅವನ ತಪ್ಪು ಮಾಲೀಕನ ತಲೆಗೆ ಬರುವುದಿಲ್ಲ. ಮೂರನೆಯ ಷರತ್ತನ್ನು ಮಾತ್ರ ನಾನು ಓದಿಯೇ ಇರಲಿಲ್ಲ: ಕಾನೂನು ಮುರಿಯಲು ಮಾಲೀಕ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕುಮ್ಮಕ್ಕು ಕೊಟ್ಟಿರಬಾರದು. "ಒಂದು ಹಾಕು" ಎಂಬುದಕ್ಕಿಂತ ನೇರವಾದ ಕುಮ್ಮಕ್ಕು ಯಾವುದಿದೆ? ಬಾಟಲಿ ಎತ್ತಿದವನಂತೂ ನಾನೇ. ಅಮಲೇರಿದವರಿಗೆ ಮಾರುವುದು ಅಪರಾಧವೂ ಹೌದು, ಒಂದು ವರ್ಷದವರೆಗೆ ಜೈಲು ಆಗಬಹುದು. ಅವಳು ಬಾಟಲಿ ಕೆಳಗಿಟ್ಟು ತನ್ನನ್ನು ಉಳಿಸಿಕೊಂಡಿದ್ದಳು, ನಾನು ಎತ್ತಿ ಸಿಕ್ಕಿಹಾಕಿಕೊಂಡಿದ್ದೆ.

ಆ ವಾರವೇ ಎಲ್ಲರನ್ನೂ ಕೂರಿಸಿ ಒಂದು ಹಾಳೆಗೆ ಸಹಿ ಹಾಕಿಸಿದೆ, ಮೊದಲ ಸಹಿ ನನ್ನದು. ಯಾರಾದರೊಬ್ಬರು ಸಾಕು ಎಂದರೆ ಅದನ್ನು ನಾನೂ ಸೇರಿದಂತೆ ಯಾರೂ ಬದಲಿಸುವಂತಿಲ್ಲ. ಕೈಯಳತೆ ನಿಂತಿತು, ಎಲ್ಲವೂ ಜಿಗ್ಗರ್ ಎಂಬ ಅಳತೆ ಬಟ್ಟಲಿನಲ್ಲಿ. ತರಬೇತಿಯ ಪ್ರಮಾಣಪತ್ರದ ಅವಧಿ ಎರಡು ವರ್ಷ. ಯಾರದ್ದು ಯಾವಾಗ ಮುಗಿಯುತ್ತದೆ ಎಂಬುದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ನಾವು ಕುಡಿಯಲು ಕೊಡದೆ ನಿಲ್ಲಿಸಿದ ಗಿರಾಕಿಗೆ ಊಟ, ನೀರು, ಬಾಡಿಗೆ ಕಾರು ನಮ್ಮ ಖರ್ಚಿನಲ್ಲಿ. ಊಟ ಮಾಡಿದರೆ ಅಮಲು ಇಳಿಯುತ್ತದೆ ಎಂದಲ್ಲ, ಅದು ಇಳಿಯುವುದು ಹೊತ್ತು ಕಳೆದಾಗ ಮಾತ್ರ. ಕೂರಿಸಿಕೊಳ್ಳಲು ನೆಪ ಬೇಕಲ್ಲ.

ಒಂದು ಪುಸ್ತಕವನ್ನೂ ಇಟ್ಟೆವು: ಯಾರಿಗೆ ನಿಲ್ಲಿಸಿದೆವು, ಎಷ್ಟು ಗಂಟೆಗೆ, ಏನು ಕಂಡಿತು. ಇದರ ಬಗ್ಗೆ ವಕೀಲರಿಗೆ ಅರೆಮನಸ್ಸು. ಹತ್ತು ಗಂಟೆಗೆ "ತೊದಲುತ್ತಿದ್ದಾರೆ" ಎಂದು ಬರೆದು, ಹತ್ತೂಕಾಲಿಗೆ ಬಿಲ್ಲಿನಲ್ಲಿ ಇನ್ನೊಂದು ವಿಸ್ಕಿ ಇದ್ದರೆ ಎದುರು ಪಕ್ಷದವರಿಗೆ ಬೇರೆ ಸಾಕ್ಷಿಯೇ ಬೇಡ. ಆದರೂ ನನಗೆ ಪುಸ್ತಕ ಬೇಕು. ಬರೆಯಲು ಪೆನ್ನು ಹಿಡಿದ ಕೈ ಬಾಟಲಿ ಹಿಡಿಯಲು ಹಿಂಜರಿಯುತ್ತದೆ.

ಮನೆಯ ಪಾರ್ಟಿಗೂ ಹೀಗೆಯೇ ಎಂದು ಗೆಳೆಯರು ಕೇಳುತ್ತಾರೆ. ವಯಸ್ಕ ಅತಿಥಿಗಳ ವಿಷಯದಲ್ಲಿ ಟೆಕ್ಸಾಸ್ ಮನೆಯ ಯಜಮಾನನನ್ನು ಹೊಣೆ ಮಾಡುವುದಿಲ್ಲ. ನ್ಯೂಜೆರ್ಸಿಯಲ್ಲಿ 1984ರಿಂದ ಹಾಗಿಲ್ಲ. ಅಲ್ಲಿನ ಎಡಿಸನ್ ಊರಿನ ನೆಂಟರಿಗೆ ಇದನ್ನು ಹೇಳಿ.

ಕಳೆದ ದೀಪಾವಳಿಯಲ್ಲಿ ಅದೇ ಹುಡುಗಿ ನನ್ನ ಭಾವಮೈದುನನಿಗೆ ಮೂರನೆಯದರ ನಂತರ ಮಜ್ಜಿಗೆ ಕೊಟ್ಟಳು. ಅವನು ನನ್ನ ಮುಖ ನೋಡಿದ. ನಾನು ಅಡುಗೆಮನೆಗೆ ಹೋಗಿ ದೋಸೆ ಕಾವಲಿಯ ಮುಂದೆ ನಿಂತೆ.