ಮೊದಲು ಮಗುವಿನ ಎತ್ತರ ಅಳೆಯಿರಿ, ಆಮೇಲೆ ಟಿಕೆಟ್ ತೆಗೆಯಿರಿ

ಥೀಮ್ ಪಾರ್ಕ್ ಪ್ರವಾಸದ ತಯಾರಿ ಮನೆಯ ಗೋಡೆಯಿಂದ ಶುರುವಾಗಬೇಕು. ಮಗುವನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ. ತಲೆಯ ಮೇಲೆ ಪುಸ್ತಕ ಇಟ್ಟು ಗುರುತು ಹಾಕಿ, ಟೇಪಿನಲ್ಲಿ ಅಳೆಯಿರಿ. ಆಮೇಲೆ ಪಾರ್ಕಿನ ವೆಬ್‌ಸೈಟ್ ತೆರೆದು, ಯಾವ ರೈಡ್‌ಗೆ ಎಷ್ಟು ಎತ್ತರ ಬೇಕು ಎಂದು ನೋಡಿ. ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸ್ಪೇಸ್ ಮೌಂಟನ್ ಎಂಬ ರೋಲರ್ ಕೋಸ್ಟರ್ ಹತ್ತಲು 112 ಸೆಂ.ಮೀ. ಇರಬೇಕು. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 97 ಸಾಕು. ಡಂಬೋ ಆನೆಯಲ್ಲಿ ಕೂರಲು ಎತ್ತರದ ಲೆಕ್ಕವೇ ಇಲ್ಲ. ಒಂದೇ ಪಾರ್ಕಿನೊಳಗೆ ಇಷ್ಟು ವ್ಯತ್ಯಾಸ.

ಒಂದೆರಡು ಸೆಂಟಿಮೀಟರ್ ಕಡಿಮೆ ಬಿತ್ತು ಎಂದು ದಪ್ಪ ಅಟ್ಟೆಯ ಶೂ ಹಾಕಿಸಿ ದಾಟಿಸಲು ಹೋಗಬೇಡಿ. ಸೀಟಿನಲ್ಲಿ ಕೂತವರನ್ನು ಹಿಡಿದಿಡುವ ಕಂಬಿಯನ್ನು ಇಂತಿಷ್ಟು ಮೈಯಳತೆಗೆ ಎಂದೇ ಮಾಡಿರುತ್ತಾರೆ. ಅದಕ್ಕಿಂತ ಚಿಕ್ಕ ಮಗು ಅಡಿಯಿಂದ ಜಾರಬಹುದು. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ನನ್ನ ಮಗಳು ಒಮ್ಮೆ ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತು, ಅಳತೆಗೋಲಿನ ಹತ್ತಿರ ವಾಪಸ್ ಬರಬೇಕಾಯಿತು. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮನೆಯಲ್ಲೇ ಅಳೆದು ನಾನು ಅವಳಿಗೆ ಹೇಳಿರಬೇಕಿತ್ತು.

ಎತ್ತರದ ಜೊತೆ ವಯಸ್ಸನ್ನೂ ನೋಡಿ. ಫ್ಲಾರಿಡಾದ ಡಿಸ್ನಿ ಪಾರ್ಕುಗಳಲ್ಲಿ 3 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಬೇರೆ ಪಾರ್ಕುಗಳಲ್ಲಿ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ.

ಈಗ ರೈಡ್‌ಗಳ ಆಯ್ಕೆ. ಪುಟ್ಟ ಮಕ್ಕಳನ್ನು ವೇಗಕ್ಕಿಂತ ಜಾಸ್ತಿ ಹೆದರಿಸುವುದು ಕತ್ತಲೆ ಮತ್ತು ದೊಡ್ಡ ಸದ್ದು. ನಿಧಾನವಾಗಿ ಸಾಗುವ ದೋಣಿಯೂ ಕತ್ತಲ ಸುರಂಗ ಹೊಕ್ಕರೆ ಅಳು ಶುರು. ಅದಕ್ಕೇ ಆ ರೈಡ್‌ಗಳ ವಿಡಿಯೊಗಳನ್ನು ಮನೆಯಲ್ಲೇ ಮಗುವಿನ ಜೊತೆ ಕೂತು ನೋಡಿ. ಬೇಡ ಎಂದರೆ ಒತ್ತಾಯ ಮಾಡಬೇಡಿ. ಮಗು ಆರಿಸಿದ್ದು ಎರಡು, ದೊಡ್ಡವರಿಗೆ ಇಷ್ಟವಾದದ್ದು ಒಂದೆರಡು, ಒಂದು ದಿನಕ್ಕೆ ಅಷ್ಟು ಸಾಕು. ಅದೇ ಮರದ ಕುದುರೆಯ ಮೇಲೆ ಐದನೇ ಸಲ ಕೂರುತ್ತೇನೆ ಎಂದರೂ ಕೂರಿಸಿ.

ದೊಡ್ಡವರ ರೈಡ್‌ಗೆ ಒಂದು ಉಪಾಯವಿದೆ. ಡಿಸ್ನಿ, ಯೂನಿವರ್ಸಲ್ ಪಾರ್ಕುಗಳಲ್ಲಿ ಅಪ್ಪ ಹೋಗಿ ಬರುವವರೆಗೆ ಅಮ್ಮ ಮಗುವಿನ ಜೊತೆ ಇದ್ದು, ಆಮೇಲೆ ಇಡೀ ಕ್ಯೂ ಮತ್ತೆ ನಿಲ್ಲದೆ ತಾನು ಹೋಗಬಹುದು. ಕ್ಯೂ ಸೇರುವ ಮೊದಲೇ ಬಾಗಿಲಲ್ಲಿರುವ ಸಿಬ್ಬಂದಿಗೆ ಹೇಳಬೇಕು.

ದಿನವನ್ನು ಮಗುವಿನ ನಿದ್ದೆಯ ಸುತ್ತ ಹೊಂದಿಸಿ. ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಿ. ಮೊದಲ ಎರಡು ಗಂಟೆ ಕ್ಯೂ ಚಿಕ್ಕದಿರುತ್ತದೆ, ಮಗುವೂ ಗೆಲುವಾಗಿರುತ್ತದೆ. ಮುಖ್ಯವಾದದ್ದೆಲ್ಲ ಆಗಲೇ ಮುಗಿಸಿ. ಬಿಸಿಲೇರುವ ಹೊತ್ತಿಗೆ ಕೋಣೆಗೆ ಹೋಗಿ ಮಲಗಿಸಿ, ಸಂಜೆ ಮತ್ತೆ ಬನ್ನಿ. ಕೊಟ್ಟ ದುಡ್ಡು ದಂಡವಾಯಿತು ಅನ್ನಿಸುತ್ತದೆ ಅಲ್ವಾ? ನಿದ್ದೆಗೆಟ್ಟ ಮಗುವನ್ನು ಎತ್ತಿಕೊಂಡು ಮಧ್ಯಾಹ್ನವೆಲ್ಲ ಸುಮ್ನೆ ಅಲೆದವರಿಗೆ ಹಾಗನ್ನಿಸುವುದಿಲ್ಲ. ಹೊರಗೆ ಹೋದವರನ್ನು ಅದೇ ದಿನ ಮತ್ತೆ ಒಳಗೆ ಬಿಡುತ್ತಾರೆಯೇ ಎಂದು ಮಾತ್ರ ಮೊದಲೇ ತಿಳಿದುಕೊಳ್ಳಿ. ಬಿಡುವುದಿಲ್ಲವಾದರೆ ಒಳಗೇ ನೆರಳಿರುವ, ಗದ್ದಲವಿಲ್ಲದ ಮೂಲೆಯೊಂದನ್ನು ನಕ್ಷೆಯಲ್ಲಿ ಗುರುತಿಸಿ. ನಾಲ್ಕೈದು ವರ್ಷದ ಮಗುವಾದರೂ ತಳ್ಳುಗಾಡಿ ಇರಲಿ. ಅಷ್ಟು ದೂರ ಆ ಪುಟ್ಟ ಕಾಲುಗಳು ನಡೆಯಲಾರವು.

ಚೀಲದಲ್ಲಿ ನೀರು, ಟೋಪಿ, ಒಂದು ಜೊತೆ ಒಣ ಬಟ್ಟೆ. ಪಟಾಕಿ ಪ್ರದರ್ಶನ ನೋಡುವುದಾದರೆ ಸದ್ದು ತಗ್ಗಿಸುವ ಕಿವಿಗವಸು.

ಹೊರಡುವ ಬೆಳಿಗ್ಗೆ ಮಗುವಿನ ಫೋಟೊ ತೆಗೆಯಿರಿ. ಗುಂಪಿನಲ್ಲಿ ಕೈ ತಪ್ಪಿದರೆ ಯಾವ ಬಣ್ಣದ ಅಂಗಿ ಎಂಬುದು ಗಾಬರಿಯಲ್ಲಿ ನೆನಪಾಗುವುದಿಲ್ಲ. ನಿಮ್ಮ ಫೋನ್ ನಂಬರನ್ನು ಮಗುವಿನ ಮುಂಗೈ ಮೇಲೆ ಪೆನ್ನಿನಲ್ಲಿ ಬರೆಯಿರಿ. ಒಳಗೆ ಹೋದ ತಕ್ಷಣ ಸಿಬ್ಬಂದಿಯ ಸಮವಸ್ತ್ರ ತೋರಿಸಿ, "ನಾವು ಕಾಣಿಸದಿದ್ದರೆ ಇಂಥ ಬಟ್ಟೆ ಹಾಕಿದವರ ಹತ್ತಿರ ಹೋಗು" ಎಂದು ಹೇಳಿ. ಅಪ್ಪ, ಅಮ್ಮನ ಹೆಸರನ್ನೂ ಹೇಳಿಕೊಡಿ. ಹೆಸರು ಕೇಳಿದರೆ ಎಷ್ಟೋ ಮಕ್ಕಳು "ಅಮ್ಮ" ಎಂದಷ್ಟೇ ಹೇಳುತ್ತಾರೆ.